ಮೊಸಳೆಯ ಹೃದಯಕ್ಕೆ ಎಷ್ಟು ಕೋಣೆ?

ಕೆಲವು ವರ್ಷಗಳ ಹಿಂದೆ ಪ್ರೌಢಶಾಲಾ ಮಕ್ಕಳ ವಿಜ್ಞಾನ ರಸಪ್ರಶ್ನೆ ಕಾರ್ಯಕ್ರಮವೊಂದಕ್ಕೆ ನನ್ನನ್ನು ತೀರ್ಪುಗಾರನಾಗಿ ಕರೆದಿದ್ದರು. ನಾನು ಭೌತವಿಜ್ಞಾನದವನು. ಜೀವವಿಜ್ಞಾನದ ಪ್ರಶ್ನೆ ಬಂದಾಗ ಕೈಯಲ್ಲಿದ್ದ ಉತ್ತರದ ಚೀಟಿಯೇ ನನಗೆ ಆಧಾರ. 'ಸರೀಸೃಪಗಳ ಹೃದಯದಲ್ಲಿ ಎಷ್ಟು ಕೋಣೆಗಳಿವೆ?' ಎಂಬ ಪ್ರಶ್ನೆಗೆ ಒಬ್ಬ ಹುಡುಗಿ ಎದ್ದು, 'ಮೂರು ಸಾರ್, ಆದರೆ ಮೊಸಳೆಗೆ ನಾಲ್ಕು' ಎಂದಳು. ಚೀಟಿಯಲ್ಲಿ 'ಮೂರು' ಎಂದಷ್ಟೇ ಇತ್ತು. 'ಒಂದೇ ಉತ್ತರ ಹೇಳಬೇಕಮ್ಮ' ಎಂದು ಪ್ರಶ್ನೆಯನ್ನು ಮುಂದಿನ ತಂಡಕ್ಕೆ ದಾಟಿಸಿದೆ. ಆ ತಂಡದವರು 'ಮೂರು' ಎಂದು ಹೇಳಿ ಅಂಕ ಗಿಟ್ಟಿಸಿಕೊಂಡರು. ಎಲ್ಲ ಮುಗಿದ ಮೇಲೆ ಆ ಹುಡುಗಿ ನನ್ನ ಬಳಿಗೆ ಬಂದು ಕೇಳಿದಳು: 'ನಾಲ್ಕು ಕೋಣೆ ಇದ್ದರೂ ಮೊಸಳೆ ಸರೀಸೃಪ ಹೇಗಾಗುತ್ತೆ ಸಾರ್?' ನನ್ನಲ್ಲಿ ಉತ್ತರವಿರಲಿಲ್ಲ.

ಉತ್ತರ ಹುಡುಕುತ್ತ ಹೋದಾಗ ನಾನು ಓದಿದ್ದು ಪ್ರಾಣಿಗಳ ಕಥೆಗಿಂತ ಹೆಚ್ಚಾಗಿ ಒಂದು ಪಟ್ಟಿಯ ಕಥೆ. ಆ ಪಟ್ಟಿ ನಿಮಗೆ ಗೊತ್ತಿರುವುದೇ. ಬೆನ್ನೆಲುಬಿರುವ ಪ್ರಾಣಿಗಳು, ಅಂದರೆ ಕಶೇರುಕಗಳು, ಐದು ವರ್ಗ. ಮೀನುಗಳಿಗೆ ಕಿವಿರು, ಈಜುರೆಕ್ಕೆ, ಎರಡು ಕೋಣೆಯ ಹೃದಯ. ಉಭಯಚರಗಳಿಗೆ ಒದ್ದೆ ಚರ್ಮ, ನೀರಿನಲ್ಲಿ ಬಾಲ್ಯ, ಮೂರು ಕೋಣೆ. ಸರೀಸೃಪಗಳಿಗೆ ಹುರುಪೆಯ ಒಣ ಚರ್ಮ, ನೆಲದ ಮೇಲಿಡುವ ಮೊಟ್ಟೆ, ಮತ್ತೆ ಮೂರು ಕೋಣೆ. ಪಕ್ಷಿಗಳಿಗೆ ಗರಿ, ಸಸ್ತನಿಗಳಿಗೆ ಕೂದಲು ಮತ್ತು ಹಾಲು. ಈ ಎರಡಕ್ಕೂ ನಾಲ್ಕು ಕೋಣೆಯ ಹೃದಯ, ಬಿಸಿರಕ್ತ. ಕರಿಹಲಗೆಯ ಮೇಲೆ ಐದು ಸಾಲುಗಳಲ್ಲಿ ಅಚ್ಚುಕಟ್ಟಾಗಿ ಮುಗಿದುಹೋಗುತ್ತದೆ. ಆದರೆ ಇದರಲ್ಲಿನ ಒಂದೊಂದು ಪದದ ಹಿಂದೆಯೂ ಒಂದು ವ್ಯಾಜ್ಯವಿದೆ. ಕೆಲವು ವ್ಯಾಜ್ಯಗಳು ಇನ್ನೂ ತೀರಿಲ್ಲ.

ಮೊದಲ ಗೆರೆ ಎಳೆದವನು ಗ್ರೀಸಿನ ಅರಿಸ್ಟಾಟಲ್ (ಕ್ರಿ.ಪೂ. 384-322). ರಕ್ತವುಳ್ಳವು, ರಕ್ತವಿಲ್ಲದವು ಎಂದು ಆತ ಪ್ರಾಣಿಗಳನ್ನು ಎರಡು ಪಾಲು ಮಾಡಿದ. ಆತ ರಕ್ತವೆಂದದ್ದು ಕೆಂಪು ರಕ್ತವನ್ನು. ಹಾಗಾಗಿ ಆತನ ಮೊದಲ ಪಾಲು ನಮ್ಮ ಕಶೇರುಕಗಳಿಗೆ ಬಹುಮಟ್ಟಿಗೆ ಹೊಂದುತ್ತದೆ. ಲೆಸ್ಬೋಸ್ ದ್ವೀಪದ ಕಡಲಂಚಿನಲ್ಲಿ ಕುಳಿತು ಮೀನುಗಾರರನ್ನು ಕೇಳಿ, ಪ್ರಾಣಿಗಳನ್ನು ಕೊಯ್ದು ನೋಡಿ ಬರೆದವನು ಆತ. ಡಾಲ್ಫಿನ್ ಶ್ವಾಸಕೋಶದಿಂದ ಉಸಿರಾಡುತ್ತದೆ, ಮರಿ ಹಾಕುತ್ತದೆ, ಹಾಲೂಡಿಸುತ್ತದೆ ಎಂಬುದನ್ನು ಗಮನಿಸಿ, ಅದನ್ನೂ ತಿಮಿಂಗಿಲವನ್ನೂ ಮೀನುಗಳಿಂದ ಬೇರೆಯಾಗಿಟ್ಟ. ಈ ಮಾತು ಎರಡು ಸಾವಿರ ವರ್ಷ ಹೆಚ್ಚುಕಡಿಮೆ ಮೂಲೆಗೆ ಬಿದ್ದಿತ್ತು.

ಸ್ವೀಡನ್ನಿನ ಕಾರ್ಲ್ ಲಿನೇಯಸ್ 1735ರಲ್ಲಿ ತನ್ನ 'ಸಿಸ್ಟೆಮಾ ನ್ಯಾಚುರೇ' ಗ್ರಂಥದ ಮೊದಲ ಆವೃತ್ತಿ ಹೊರತಂದಾಗ ತಿಮಿಂಗಿಲ ಮೀನುಗಳ ಜೊತೆಗೇ ಇತ್ತು. ನಾವು 'ಸಸ್ತನಿ' ಎನ್ನುವ ವರ್ಗದ ಹೆಸರು ಆಗ 'ಚತುಷ್ಪಾದಿಗಳು'. 1758ರ ಹತ್ತನೆಯ ಆವೃತ್ತಿಯಲ್ಲಿ ಎರಡೂ ಬದಲಾದವು. ನಾಲ್ಕು ಕಾಲಿನ ಹೆಸರು ಹೋಗಿ ಸ್ತನದ ಹೆಸರು ಬಂತು. ತಿಮಿಂಗಿಲ ಈಚೆಗೆ ದಾಟಿತು. ನಮ್ಮ 'ಸಸ್ತನಿ' ಪದ ಲಿನೇಯಸ್ ಟಂಕಿಸಿದ 'ಮಮ್ಮೇಲಿಯ'ದ ನೇರ ಪಡಿಯಚ್ಚು. ಕೂದಲನ್ನೋ ಕಿವಿಯ ಮೂಳೆಗಳನ್ನೋ ಬಿಟ್ಟು ಸ್ತನವನ್ನೇ ಏಕೆ ಆರಿಸಿಕೊಂಡ? ವೈದ್ಯನೂ ಆಗಿದ್ದ ಲಿನೇಯಸ್, ಮಕ್ಕಳನ್ನು ಸಂಬಳದ ದಾದಿಯರ ಹಾಲಿಗೆ ಬಿಡುವ ಅಂದಿನ ಸಿರಿವಂತರ ಪದ್ಧತಿಯ ವಿರುದ್ಧ 1752ರಲ್ಲಿ ಬರೆದಿದ್ದ. ಆ ಕಳಕಳಿಯೇ ಈ ಹೆಸರಿನಲ್ಲೂ ಕೆಲಸ ಮಾಡಿದೆ ಎಂದು ಇತಿಹಾಸಕಾರ್ತಿ ಲೊಂಡಾ ಶೀಬಿಂಗರ್ ವಾದಿಸಿದ್ದಾರೆ. ವಾದವನ್ನು ನೀವು ಒಪ್ಪಿ, ಬಿಡಿ. ಗಂಡು ಸಸ್ತನಿಗೂ ಹೆಣ್ಣಿನ ಲಕ್ಷಣದ ಹೆಸರಿದೆ ಎಂಬುದಂತೂ ನಿಜ.

ಗ್ರಂಥದಲ್ಲಿ ತಿಮಿಂಗಿಲ ದಾಟಿದ ಮಾತ್ರಕ್ಕೆ ಜನರ ಮನಸ್ಸಿನಲ್ಲಿ ದಾಟಲಿಲ್ಲ. ಅರವತ್ತು ವರ್ಷ ಕಳೆದು, 1818ರಲ್ಲಿ, ನ್ಯೂಯಾರ್ಕಿನ ನ್ಯಾಯಾಲಯದ ಮುಂದೆ ಒಂದು ಮೊಕದ್ದಮೆ ಬಂತು. ಮೀನೆಣ್ಣೆಯನ್ನು ಸರ್ಕಾರಿ ತಪಾಸಕರು ಪರೀಕ್ಷಿಸಿ ಶುಲ್ಕ ಪಡೆಯಬೇಕೆಂಬ ಕಾನೂನಿತ್ತು. ತಿಮಿಂಗಿಲದ ಎಣ್ಣೆ ಮೀನೆಣ್ಣೆಯೇ ಎಂಬುದು ಪ್ರಶ್ನೆ. ಪ್ರಸಿದ್ಧ ವಿಜ್ಞಾನಿ ಸ್ಯಾಮ್ಯುಯೆಲ್ ಮಿಚಿಲ್ ಸಾಕ್ಷಿ ಕಟ್ಟೆ ಹತ್ತಿ, ತಿಮಿಂಗಿಲ ಮೀನಲ್ಲವೆಂದು ವಿವರಿಸಿದರು. ನ್ಯಾಯದರ್ಶಿ ಮಂಡಲಿ ಎಲ್ಲವನ್ನೂ ಕೇಳಿ, ತಿಮಿಂಗಿಲ ಮೀನೇ ಎಂದು ತೀರ್ಪಿತ್ತಿತು.

ಭೌತವಿಜ್ಞಾನದವನಾದ ನನ್ನ ಗಮನ ಸೆಳೆದದ್ದು ಲಿನೇಯಸನ ಆ ಹತ್ತನೆಯ ಆವೃತ್ತಿಯ ಅಳತೆಗೋಲು. ಅದು ಹೃದಯ ಮತ್ತು ತಾಪ. ಎರಡು ಹೃತ್ಕುಕ್ಷಿ, ಎರಡು ಹೃತ್ಕರ್ಣ, ಬಿಸಿಯಾದ ಕೆಂಪು ರಕ್ತ: ಇವು ಸಸ್ತನಿ ಮತ್ತು ಪಕ್ಷಿ. ಒಂದು ಹೃತ್ಕುಕ್ಷಿ, ಒಂದು ಹೃತ್ಕರ್ಣ, ತಣ್ಣನೆಯ ಕೆಂಪು ರಕ್ತ: ಇವು ಉಭಯಚರ ಮತ್ತು ಮೀನು. ಮಿಕ್ಕ ಎಲ್ಲವೂ ಕೀಟ ಅಥವಾ ಹುಳು. ಗಮನಿಸಿ, ಇಲ್ಲಿ ಸರೀಸೃಪ ಎಂಬ ಪ್ರತ್ಯೇಕ ವರ್ಗವೇ ಇಲ್ಲ! ಕಪ್ಪೆ, ಹಾವು, ಆಮೆ, ಮೊಸಳೆ ಎಲ್ಲವೂ 'ಉಭಯಚರ'. ಅಷ್ಟೇ ಅಲ್ಲ, ಶಾರ್ಕ್ ಮತ್ತು ತೊರಕೆಗಳನ್ನೂ ಆತ ಅದೇ ಬುಟ್ಟಿಗೆ ಹಾಕಿದ್ದ. ಆ ಬುಟ್ಟಿಯ ಪ್ರಾಣಿಗಳ ಬಗ್ಗೆ ಆತನಿಗೆ ಅಸಹ್ಯವಿತ್ತೆಂಬುದು ಬರೆದ ಮಾತುಗಳಲ್ಲೇ ಕಾಣುತ್ತದೆ. ಹೇಸಿಗೆಯಿಂದ ನೋಡಿದ್ದನ್ನು ಯಾರೂ ಸರಿಯಾಗಿ ನೋಡುವುದಿಲ್ಲ. ಸತ್ತ ಮೀನಿನೊಳಗೆ ಕೊರೆದು ಸೇರಿಕೊಳ್ಳುವ ಹ್ಯಾಗ್‌ಫಿಷ್ ಆತನಿಗೆ ಜಂತುಹುಳುವಾಗಿ ಕಂಡಿತು. ಕಾಲಿಲ್ಲದ ಉಭಯಚರವಾದ ಸಿಸಿಲಿಯನ್ ಹಾವುಗಳ ಸಾಲಿಗೆ ಹೋಯಿತು. ಮಲೆನಾಡಿನ ತೋಟಗಳಲ್ಲಿ ಮಣ್ಣು ಅಗೆಯುವಾಗ ಸಿಕ್ಕುವ ಈ ಬಡಪ್ರಾಣಿಯನ್ನು ಇಂದಿಗೂ ಹಾವೆಂದು ತಿಳಿದು ಕೊಲ್ಲುವವರಿದ್ದಾರೆ.

ಬೆನ್ನೆಲುಬನ್ನೇ ದೊಡ್ಡ ಗೆರೆಯಾಗಿ ಎಳೆದು, ಕಶೇರುಕ-ಅಕಶೇರುಕ ಎಂಬ ವಿಂಗಡಣೆಯನ್ನು ಬಳಕೆಗೆ ತಂದವನು ಫ್ರಾನ್ಸಿನ ಲಾಮಾರ್ಕ್. ಹ್ಯಾಗ್‌ಫಿಷ್ ಇಲ್ಲೂ ತೊಡಕೇ: ಅದಕ್ಕೆ ತಲೆಬುರುಡೆಯುಂಟು, ಸರಿಯಾದ ಬೆನ್ನುಮೂಳೆಯಿಲ್ಲ. ಅದರ ಭ್ರೂಣದಲ್ಲಿ ಬೆನ್ನುಮೂಳೆಯ ಕುರುಹುಗಳಿರುವುದನ್ನು ಜಪಾನಿನ ಸಂಶೋಧಕರು ತೋರಿಸಿದ್ದು 2011ರಲ್ಲಿ.

ಕಪ್ಪೆಯನ್ನು ಹಲ್ಲಿಯಿಂದ ಬೇರ್ಪಡಿಸಿದ್ದು ಹೇಗೆಂದು ನೋಡೋಣ. ಫ್ರಾನ್ಸಿನ ಬ್ರೋನಿಯಾರ್ 1800ರಲ್ಲಿ ಆಮೆ, ಹಲ್ಲಿ, ಹಾವು, ಕಪ್ಪೆ ಎಂದು ನಾಲ್ಕು ಗಣಗಳನ್ನು ಮಾಡಿದ. 1816ರಲ್ಲಿ ಬ್ಲಾನ್‌ವಿಲ್ ಕಪ್ಪೆಗಳನ್ನು ಬೇರೆ ವರ್ಗವಾಗಿಯೇ ಎತ್ತಿಟ್ಟ. ನಿಜವಾದ ಕಾರಣ ಸಿಕ್ಕಿದ್ದು ಭ್ರೂಣಗಳಲ್ಲಿ. ಕಾರ್ಲ್ ಅರ್ನ್ಸ್ಟ್ ಫಾನ್ ಬೇರ್ 1828ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ, ಹಲ್ಲಿ, ಹಕ್ಕಿ ಮತ್ತು ಸಸ್ತನಿಯ ಭ್ರೂಣಗಳು ಆಮ್ನಿಯಾನ್ ಎಂಬ ತೆಳು ಪೊರೆಯ ಚೀಲದೊಳಗೆ ಬೆಳೆಯುತ್ತವೆ, ಮೀನು ಮತ್ತು ಕಪ್ಪೆಯ ಭ್ರೂಣಗಳಿಗೆ ಅದಿಲ್ಲ ಎಂಬುದಕ್ಕೆ ಒತ್ತು ಕೊಟ್ಟ. ಚೀಲದ ತುಂಬ ನೀರು. ಕಪ್ಪೆ ತನ್ನ ಮೊಟ್ಟೆಯನ್ನು ಕೊಳಕ್ಕೆ ಒಯ್ಯುತ್ತದೆ; ಹಲ್ಲಿ ಕೊಳವನ್ನೇ ಮೊಟ್ಟೆಯೊಳಗೆ ಇಟ್ಟಿದೆ. ಹೆರಿಗೆಯ ಹೊತ್ತಿನಲ್ಲಿ 'ನೀರು ಒಡೆಯಿತು' ಎನ್ನುತ್ತಾರಲ್ಲ, ಅದೂ ಇದೇ ಚೀಲದ ನೀರೇ. ಜರ್ಮನಿಯ ಹೆಕಲ್ 1866ರಲ್ಲಿ ಈ ಪೊರೆಯುಳ್ಳ ಎಲ್ಲವಕ್ಕೂ ಸೇರಿ 'ಆಮ್ನಿಯೋಟ' ಎಂದು ಹೆಸರಿಟ್ಟ. ತಣ್ಣನೆಯ ಹಲ್ಲಿ ತಣ್ಣನೆಯ ಕಪ್ಪೆಯನ್ನು ಬಿಟ್ಟು ಬೆಚ್ಚಗಿನ ನಮ್ಮ ಕಡೆಗೆ ಬಂತು. ಲಿನೇಯಸನ ತಾಪದ ಗೆರೆಗೆ ಬಿದ್ದ ಮೊದಲ ದೊಡ್ಡ ಪೆಟ್ಟು ಇದು ಎಂದು ನನ್ನ ಎಣಿಕೆ.

'ನೀರಿನಲ್ಲಿ ಬಾಲ್ಯ' ಎಂಬ ಲಕ್ಷಣವೂ ಎಲ್ಲ ಕಪ್ಪೆಗಳಿಗೆ ಒಪ್ಪುವುದಿಲ್ಲ. ಮಳೆಗಾಲದ ರಾತ್ರಿ ಪಶ್ಚಿಮಘಟ್ಟದ ಕಾಫಿ ತೋಟಗಳಲ್ಲಿ ಪೊದೆಗಳಿಂದ ಟಿಕ್ ಟಿಕ್ ಎನ್ನುವ ಪುಟ್ಟ ಕಪ್ಪೆಗಳನ್ನು ನೀವು ಕೇಳಿರಬಹುದು. ಅವುಗಳಲ್ಲಿ ಅನೇಕ ಪ್ರಭೇದಗಳಿಗೆ ಗೊದಮೊಟ್ಟೆಯ ಹಂತವೇ ಇಲ್ಲ. ಎಲೆಯ ಮೇಲೋ ತರಗೆಲೆಯ ಅಡಿಯಲ್ಲೋ ಇಟ್ಟ ಮೊಟ್ಟೆಯಿಂದ ನೇರವಾಗಿ ಮರಿಗಪ್ಪೆ ಹೊರಬರುತ್ತದೆ. 2010ರಲ್ಲಿ ಈ ಗುಂಪಿಗೆ 'ರಾವೋರ್ಕೆಸ್ಟಿಸ್' ಎಂಬ ಹೆಸರು ಬಂತು. ಅದರಲ್ಲಿರುವ 'ರಾವ್' ನಮ್ಮ ಸಿ. ಆರ್. ನಾರಾಯಣ ರಾವ್. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿವಿಜ್ಞಾನ ಪ್ರಾಧ್ಯಾಪಕರಾಗಿದ್ದವರು, 1932ರಲ್ಲಿ ಆರಂಭವಾದ 'ಕರೆಂಟ್ ಸೈನ್ಸ್' ಪತ್ರಿಕೆಯ ಮೊದಲ ಸಂಪಾದಕರು. ದಕ್ಷಿಣ ಭಾರತದ ಹಲವು ಹೊಸ ಕಪ್ಪೆಗಳನ್ನು 1937ರಲ್ಲಿ ಅವರು ವರ್ಣಿಸಿದರು. ಅವರು ಜೋಪಾನ ಮಾಡಿದ್ದ ಮೂಲ ಮಾದರಿಗಳು ಕಳೆದುಹೋಗಿವೆ. ನಾವು ಮಾದರಿಗಳನ್ನು ಉಳಿಸಿಕೊಳ್ಳಲಿಲ್ಲ, ಹೆಸರನ್ನು ಕಪ್ಪೆಯೇ ಉಳಿಸಿಕೊಂಡಿತು.

ಪಟ್ಟಿಯ ಲಕ್ಷಣಗಳನ್ನು ನಿಯಮಗಳೆಂದು ತಿಳಿದರೆ ಏನಾಗುತ್ತದೆ ಎಂಬುದಕ್ಕೆ ಆಸ್ಟ್ರೇಲಿಯದ ಪ್ಲಾಟಿಪಸ್‌ಗಿಂತ ಒಳ್ಳೆಯ ಪಾಠವಿಲ್ಲ. 1798ರಲ್ಲಿ ಅಲ್ಲಿನ ಗವರ್ನರ್ ಜಾನ್ ಹಂಟರ್ ಇದರ ಚರ್ಮವೊಂದನ್ನು ಇಂಗ್ಲೆಂಡಿಗೆ ಕಳಿಸಿದ. ತುಪ್ಪಳದ ಮೈ, ಬಾತುಕೋಳಿಯ ಕೊಕ್ಕು, ಜಾಲಪಾದ. ಕೋತಿಯ ಮುಂಡಕ್ಕೆ ಮೀನಿನ ಬಾಲ ಹೊಲಿದು 'ಮತ್ಸ್ಯಕನ್ಯೆ' ಎಂದು ನಾವಿಕರಿಗೆ ಮಾರುತ್ತಿದ್ದ ಕಾಲ ಅದು. 1799ರಲ್ಲಿ ಇದನ್ನು ವರ್ಣಿಸಿದ ಬ್ರಿಟಿಷ್ ಮ್ಯೂಸಿಯಮ್ಮಿನ ಜಾರ್ಜ್ ಶಾ, ಯಾರೋ ಮೋಸ ಮಾಡಿರಬಹುದೆಂಬ ತನ್ನ ಅನುಮಾನವನ್ನು ಮುಚ್ಚಿಡಲಿಲ್ಲ. ಪ್ರಾಣಿ ನಿಜವೆಂದು ಖಾತ್ರಿಯಾದ ಮೇಲೆ ಜಗಳ ಶುರುವಾಯಿತು. ಕೊಯ್ದು ನೋಡಿದಾಗ ಹಕ್ಕಿ, ಹಲ್ಲಿಗಳಂತೆ ಮಲ, ಮೂತ್ರ, ಸಂತಾನ ಎಲ್ಲಕ್ಕೂ ಒಂದೇ ದ್ವಾರ. ಮೊಲೆತೊಟ್ಟು ಇಲ್ಲ. ಹಾಗಾದರೆ ಇದು ಸಸ್ತನಿಯೇ?

1824ರಲ್ಲಿ ಜರ್ಮನಿಯ ಮೆಕೆಲ್ ಹಾಲಿನ ಗ್ರಂಥಿಗಳನ್ನು ಕಂಡುಹಿಡಿದ. ಪ್ಯಾರಿಸಿನ ಜೆಫ್ರಾ ಸಾಂತಿಲೇರ್ ಅವು ಹಾಲಿನ ಗ್ರಂಥಿಗಳೇ ಅಲ್ಲವೆಂದು ಹಟ ಹಿಡಿದ. ಏಕೆಂದರೆ ಅವನ ನಂಬಿಕೆಯಲ್ಲಿ ಈ ಪ್ರಾಣಿ ಮೊಟ್ಟೆಯಿಡುವಂಥದು, ಮೊಟ್ಟೆಯಿಡುವುದು ಹಾಲು ಕೊಡಲಾರದು. ಲಂಡನ್ನಿನ ರಿಚರ್ಡ್ ಓವೆನ್ ಹಾಲನ್ನು ಒಪ್ಪಿದ. ಹಾಲು ಕೊಡುತ್ತದೆಂದ ಮೇಲೆ ಮೊಟ್ಟೆ ಒಡಲಿನಲ್ಲೇ ಒಡೆದು ಮರಿ ಹೊರಬರಬೇಕು ಎಂದ. ನೋಡಿ, ಇಬ್ಬರೂ ಘಟಾನುಘಟಿಗಳು, ಇಬ್ಬರದೂ ಅರ್ಧ ಸತ್ಯ. ಹಾಲು ಮತ್ತು ಮೊಟ್ಟೆ ಒಂದೇ ಸಾಲಿನಲ್ಲಿ ಬರಲಾಗದು ಎಂಬ ಪಟ್ಟಿಯ ತರ್ಕ ಇಬ್ಬರನ್ನೂ ಕಟ್ಟಿಹಾಕಿತ್ತು. ಇದು ಮೊಟ್ಟೆಯಿಡುತ್ತದೆಂದು ಆಸ್ಟ್ರೇಲಿಯದ ಮೂಲನಿವಾಸಿಗಳು ಹೇಳುತ್ತಲೇ ಇದ್ದರು. ಆ ಮಾತಿಗೆ ಸಾಕ್ಷ್ಯದ ಬೆಲೆ ಸಿಕ್ಕಲಿಲ್ಲ.

1884ರ ಆಗಸ್ಟ್‌ನಲ್ಲಿ ಕೇಂಬ್ರಿಜ್‌ನ ತರುಣ ವಿಲಿಯಂ ಕಾಲ್ಡ್‌ವೆಲ್ ಕ್ವೀನ್ಸ್‌ಲೆಂಡಿನ ಬರ್ನೆಟ್ ನದೀತೀರದಲ್ಲಿ, ಅದೇ ಮೂಲನಿವಾಸಿಗಳ ನೆರವಿನಿಂದ, ಒಂದು ಮೊಟ್ಟೆ ಇಟ್ಟು ಎರಡನೆಯದನ್ನು ಇಡಲಿದ್ದ ಹೆಣ್ಣು ಪ್ಲಾಟಿಪಸ್ಸನ್ನು ಹೊಡೆದ. ಸುದ್ದಿ ತಂತಿಯ ಮೂಲಕ ಕೆನಡಾದ ಮಾಂಟ್ರಿಯಲ್‌ಗೆ ಹೋಗಿ, ಅಲ್ಲಿ ನಡೆಯುತ್ತಿದ್ದ ಬ್ರಿಟಿಷ್ ಅಸೋಸಿಯೇಶನ್ ಅಧಿವೇಶನದಲ್ಲಿ ಸೆಪ್ಟೆಂಬರ್ 2ರಂದು ಓದಲ್ಪಟ್ಟಿತು. ಇಂಗ್ಲಿಷಿನಲ್ಲಿ ನಾಲ್ಕೇ ಪದ: ಇವು ಮೊಟ್ಟೆಯಿಡುತ್ತವೆ, ಮೊಟ್ಟೆಯ ವಿಭಜನೆ ಭಾಗಶಃ ಮಾತ್ರ. ಎರಡನೆಯ ಮಾತೇ ಪ್ರಾಣಿವಿಜ್ಞಾನಿಗಳಿಗೆ ಹೆಚ್ಚಿನದು; ಏಕೆಂದರೆ ಹಳದಿ ಭಂಡಾರ ತುಂಬಿದ ಹಕ್ಕಿ, ಹಲ್ಲಿಗಳ ಮೊಟ್ಟೆ ವಿಭಜನೆಯಾಗುವುದೂ ಹಾಗೆಯೇ. ಸೋಜಿಗವೆಂದರೆ ಅದೇ ದಿನ ಅಡಿಲೇಡ್‌ನಲ್ಲಿ ವಿಲ್ಹೆಲ್ಮ್ ಹಾಕೆ, ಪ್ಲಾಟಿಪಸ್‌ನ ನೆಂಟನಾದ ಎಕಿಡ್ನಾದ ಮೊಟ್ಟೆಯನ್ನು ಸಭೆಗೆ ತೋರಿಸುತ್ತಿದ್ದ. ಸಸ್ತನಿಯ ಲಕ್ಷಣಗಳಿಂದ 'ಮರಿ ಹಾಕುವುದು' ಬಿದ್ದುಹೋಯಿತು, ಹಾಲು ಉಳಿಯಿತು. 2008ರಲ್ಲಿ ಪ್ಲಾಟಿಪಸ್‌ನ ಜೀನೋಮ್ ಓದಿದಾಗ ಹಾಲಿನ ಪ್ರೋಟೀನಿನ ಜೀನುಗಳೂ ಮೊಟ್ಟೆಯ ಭಂಡಾರದ ಪ್ರೋಟೀನಿನ ಜೀನೂ ಜೊತೆಯಲ್ಲೇ ಸಿಕ್ಕವು.

ಇನ್ನು ನನ್ನ ಸ್ವಂತ ಕ್ಷೇತ್ರಕ್ಕೆ, ತಾಪಕ್ಕೆ ಬರುತ್ತೇನೆ. 'ಶೀತರಕ್ತ' ಎಂಬ ಪದ ಥರ್ಮಾಮೀಟರಿನ ಮುಂದೆ ನಿಲ್ಲುವುದಿಲ್ಲ. ಅಮೆರಿಕದ ಮರಳುಗಾಡಿನಲ್ಲಿ ಬಿಸಿಲು ಕಾಯಿಸಿಕೊಳ್ಳುವ ಇಗುವಾನಾ ಹಲ್ಲಿಯ ಮೈ 40 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. 'ಬಿಸಿರಕ್ತ'ದ ಪ್ಲಾಟಿಪಸ್‌ನದು ಸುಮಾರು 32. ರಕ್ತ ಬಿಸಿಯೋ ತಣ್ಣಗೋ ಎನ್ನುವುದಕ್ಕಿಂತ, ಶಾಖ ಎಲ್ಲಿಂದ ಬಂತು ಎಂದು ಕೇಳಬೇಕು. ಇಗುವಾನಾದ್ದು ಸೂರ್ಯನ ಸಾಲ, ಪ್ಲಾಟಿಪಸ್‌ನದು ಸ್ವಂತ ಒಲೆ. ಸ್ವಂತ ಒಲೆಗೆ ಸೌದೆ ಬಹಳ ಬೇಕು. ಒಂದೇ ತೂಕದ ಹಲ್ಲಿಗೂ ಇಲಿಗೂ, ದೇಹದ ತಾಪ ಒಂದೇ ಇರುವಾಗಲೂ, ವಿಶ್ರಾಂತಿಯಲ್ಲಿ ಇಲಿ ಹಲವು ಪಟ್ಟು ಹೆಚ್ಚು ಶಕ್ತಿ ವ್ಯಯಿಸುತ್ತದೆ.

ಮೀನಿಗೆ ಸ್ವಂತ ಒಲೆ ಏಕೆ ಕಷ್ಟ? ಇದನ್ನು ಭೌತವಿಜ್ಞಾನದ ಪಾಠವಾಗಿಯೇ ಮಾಡಬಹುದು. ಒಂದು ಲೀಟರ್ ಗಾಳಿಯಲ್ಲಿ ಇರುವ ಆಕ್ಸಿಜನ್ನಿನ ಸುಮಾರು ಮೂವತ್ತರಲ್ಲಿ ಒಂದು ಪಾಲು ಮಾತ್ರ ಒಂದು ಲೀಟರ್ ನೀರಿನಲ್ಲಿ ಕರಗಿರುತ್ತದೆ. ಆದರೆ ಅಷ್ಟೇ ಗಾತ್ರದ ಗಾಳಿಗೆ ಹೋಲಿಸಿದರೆ ನೀರು ಹೀರಬಲ್ಲ ಶಾಖ ಮೂರು ಸಾವಿರ ಪಟ್ಟಿಗೂ ಮಿಗಿಲು. ಆಕ್ಸಿಜನ್ನಿಗಾಗಿ ಕಿವಿರಿನ ಮೂಲಕ ಅಷ್ಟೊಂದು ನೀರು ಹಾಯಿಸಿದರೆ ಮೈಯ ಶಾಖವೆಲ್ಲ ಅಲ್ಲೇ ಸೋರಿಹೋಗುತ್ತದೆ. ಆದರೂ ಕೆಲವು ಮೀನುಗಳು ದಾರಿ ಕಂಡುಕೊಂಡಿವೆ. ಹಂಫ್ರಿ ಡೇವಿಯ ತಮ್ಮ ಜಾನ್ ಡೇವಿ, ಟ್ಯೂನಾ ಜಾತಿಯ ಮೀನೊಂದರ ಒಳಮೈ ಸಮುದ್ರದ ನೀರಿಗಿಂತ ಸುಮಾರು 10 ಡಿಗ್ರಿ ಹೆಚ್ಚು ಬಿಸಿಯಿದ್ದುದನ್ನು 1835ರಲ್ಲೇ ಪ್ರಕಟಿಸಿದ. ಟ್ಯೂನಾದಲ್ಲಿ ಸ್ನಾಯುಗಳಿಂದ ಹಿಂತಿರುಗುವ ಬಿಸಿ ರಕ್ತದ ನಾಳಗಳೂ ಕಿವಿರಿನಿಂದ ಬರುವ ತಣ್ಣನೆಯ ರಕ್ತದ ನಾಳಗಳೂ ಒತ್ತೊತ್ತಾಗಿ, ಎದುರುಬದುರು ದಿಕ್ಕಿನಲ್ಲಿ ಹರಿಯುತ್ತವೆ. ಶಾಖ ಕಿವಿರು ತಲುಪುವ ಮೊದಲೇ ಒಳಬರುವ ರಕ್ತಕ್ಕೆ ದಾಟಿಬಿಡುತ್ತದೆ. ಹಾಲಿನ ಡೇರಿಯಲ್ಲಿ ಕಾಯಿಸಿದ ಹಾಲಿನ ಶಾಖದಿಂದ ಒಳಬರುವ ತಣ್ಣನೆಯ ಹಾಲನ್ನು ಬಿಸಿ ಮಾಡುವುದೂ ಇದೇ ಉಪಾಯದಿಂದ. ಓಪಾ ಎಂಬ ಮೀನಿನಲ್ಲಿ ಈ ಏರ್ಪಾಡು ಕಿವಿರಿನೊಳಗೇ ಇದ್ದು, ಹೃದಯವೂ ಸೇರಿ ಇಡೀ ಮೈ ಬೆಚ್ಚಗಿರುತ್ತದೆ ಎಂಬುದು ಬೆಳಕಿಗೆ ಬಂದದ್ದು 2015ರಲ್ಲಿ. ಅಷ್ಟು ಹೊತ್ತಿಗೆ ಸರೀಸೃಪಗಳೂ ಸಾಕ್ಷಿ ಹೇಳಿಯಾಗಿತ್ತು. 7.5 ಡಿಗ್ರಿಯ ತಣ್ಣೀರಿನಲ್ಲಿದ್ದ ಲೆದರ್‌ಬ್ಯಾಕ್ ಕಡಲಾಮೆಯ ಮೈ ಅದಕ್ಕಿಂತ 18 ಡಿಗ್ರಿ ಹೆಚ್ಚು ಬಿಸಿಯಿದ್ದುದು 1972ರಲ್ಲಿ ವರದಿಯಾಯಿತು. ನಮ್ಮ ಹೆಬ್ಬಾವು ಮೊಟ್ಟೆಗಳನ್ನು ಸುತ್ತಿಕೊಂಡು, ಸ್ನಾಯುಗಳನ್ನು ನಡುಗಿಸಿ ಕಾವು ಕೊಡುವುದನ್ನು ನ್ಯೂಯಾರ್ಕಿನ ಮೃಗಾಲಯದಲ್ಲಿ 1966ರಲ್ಲಿ ಅಳೆದು ತೋರಿಸಿದ್ದರು.

ಗರಿಯ ಕಥೆಯೂ ಇದೇ. 1861ರಲ್ಲಿ ಬವೇರಿಯದ ಸುಣ್ಣಕಲ್ಲಿನಲ್ಲಿ ಗರಿಯೂ ಹಲ್ಲೂ ಉದ್ದ ಬಾಲವೂ ಇದ್ದ ಆರ್ಕಿಯಾಪ್ಟೆರಿಕ್ಸ್ ಸಿಕ್ಕಿತು. ಆ ದಶಕದಲ್ಲೇ ಥಾಮಸ್ ಹಕ್ಸ್‌ಲಿ ಪಕ್ಷಿ ಮತ್ತು ಸರೀಸೃಪಗಳನ್ನು ಒಂದೇ ಗುಂಪಾಗಿ ಸೇರಿಸಿದ. 1996ರಿಂದೀಚೆಗೆ ಚೀನಾದಲ್ಲಿ ಗರಿಯುಳ್ಳ ಡೈನೊಸಾರ್‌ಗಳು ಸಾಲುಸಾಲಾಗಿ ಹೊರಬಂದ ಮೇಲೆ ಗರಿ ಪಕ್ಷಿಗಳ ಸ್ವಂತ ಆಸ್ತಿಯಾಗಿ ಉಳಿಯಲಿಲ್ಲ.

ಇಷ್ಟಾದರೂ ಪಟ್ಟಿ ಸುಳ್ಳೆಂದು ನಾನು ಹೇಳುತ್ತಿಲ್ಲ. ನಮ್ಮ ವಿಜ್ಞಾನದಲ್ಲಿ ಮೀಟರ್ ಎಂದರೆ ಇಷ್ಟು ಎಂದು ನಾವೇ ಗೊತ್ತುಮಾಡುತ್ತೇವೆ, ಪ್ರಕೃತಿಯ ತಕರಾರಿಲ್ಲ. ಕಶೇರುಕಗಳ ವರ್ಗಗಳು ಹಾಗಲ್ಲ. ಡಾರ್ವಿನ್ನನ ನಂತರ ಅವು ವಂಶವೃಕ್ಷದ ಕೊಂಬೆಗಳು, ಲಕ್ಷಣಗಳು ಆ ಕೊಂಬೆಯನ್ನು ಗುರುತಿಸಲು ಸಿಗುವ ಸಾಕ್ಷ್ಯಗಳು. ಮಗನ ಮೂಗು ತಂದೆಯದನ್ನು ಹೋಲದಿದ್ದರೆ ಮನೆತನ ಬದಲಾಗುವುದಿಲ್ಲವಷ್ಟೆ. ಜರ್ಮನಿಯ ವಿಲ್ಲಿ ಹೆನಿಗ್ 1950ರಲ್ಲಿ ಇದನ್ನು ಕಟ್ಟುನಿಟ್ಟಾದ ವಿಧಾನವಾಗಿಸಿದ: ಒಬ್ಬ ಪೂರ್ವಜ ಮತ್ತು ಅವನ ಎಲ್ಲ ಸಂತತಿ ಸೇರಿದರೆ ಮಾತ್ರ ಒಂದು ಗುಂಪು. ಈ ಲೆಕ್ಕದಲ್ಲಿ 'ಮೀನು' ಒಂದು ಗುಂಪೇ ಅಲ್ಲ. ಏಕೆಂದರೆ ಶ್ವಾಸಕೋಶವುಳ್ಳ ಲಂಗ್‌ಫಿಷ್, ಸಾಲ್ಮನ್ ಮೀನಿಗಿಂತ ಹಸುವಿಗೇ ಹತ್ತಿರದ ನೆಂಟ. ಪಕ್ಷಿಗಳನ್ನು ಹೊರಗಿಟ್ಟ 'ಸರೀಸೃಪ'ವೂ ಗುಂಪಾಗುವುದಿಲ್ಲ. ಇಂದು ಬದುಕಿರುವ ಪ್ರಾಣಿಗಳಲ್ಲಿ ಮೊಸಳೆಗೆ ಅತಿ ಹತ್ತಿರದ ಸಂಬಂಧಿ ಹಲ್ಲಿಯಲ್ಲ, ಹಕ್ಕಿ. ಅವೆರಡರ ವಂಶ ಕವಲೊಡೆದದ್ದು ಸುಮಾರು 24-25 ಕೋಟಿ ವರ್ಷಗಳ ಹಿಂದೆ.

ಈಗ ಆ ಹುಡುಗಿಯ ಪ್ರಶ್ನೆಗೆ ಉತ್ತರ ಹೇಳಬಲ್ಲೆ. ಪಟ್ಟಿಯಲ್ಲಿ ಪಕ್ಷಿಗೂ ಸಸ್ತನಿಗೂ 'ನಾಲ್ಕು ಕೋಣೆ' ಎಂದು ಬರೆಯುತ್ತೇವೆ, ಆದರೆ ಆ ಎರಡು ನಾಲ್ಕುಗಳು ಬೇರೆ ಬೇರೆ. ಹಕ್ಕಿಯಲ್ಲಿ ಹೃದಯದಿಂದ ಹೊರಡುವ ಮಹಾಪಧಮನಿ ಬಲಕ್ಕೆ ಬಾಗುತ್ತದೆ, ನಮ್ಮಲ್ಲಿ ಎಡಕ್ಕೆ. ಎರಡು ಮನೆತನಗಳು ಸ್ವತಂತ್ರವಾಗಿ ಕಟ್ಟಿಕೊಂಡ ಹೃದಯಗಳಿವು. ಮೊಸಳೆಯಲ್ಲಿ ಎರಡೂ ಕಮಾನುಗಳಿವೆ. ಅವೆರಡರ ನಡುವೆ ಒಂದು ಪುಟ್ಟ ಕಿಂಡಿಯಿರುವುದನ್ನು ಇಟಲಿಯ ಪನಿಜ್ಜಾ 1833ರಲ್ಲೇ ವರ್ಣಿಸಿದ್ದ. ನೀರಿನಡಿ ಮುಳುಗಿದಾಗ ಮೊಸಳೆ ಸ್ವಲ್ಪ ರಕ್ತವನ್ನು ಶ್ವಾಸಕೋಶಕ್ಕೆ ಕಳಿಸದೆ ಮೈಗೇ ತಿರುಗಿಸಬಲ್ಲದು. ನಾಲ್ಕು ಕೋಣೆಯ ಉಪಯೋಗವೆಂದರೆ ಶ್ವಾಸಕೋಶಕ್ಕೆ ಕಡಿಮೆ ಒತ್ತಡದಲ್ಲೂ ಮೈಗೆ ಹೆಚ್ಚು ಒತ್ತಡದಲ್ಲೂ ರಕ್ತ ಕಳಿಸುವುದು. ಸ್ವಂತ ಒಲೆ ಉರಿಸುವವರಿಗೆ ಬೇಕಾದ ಸಲಕರಣೆ. ಬಿಸಿಲು ಕಾಯುತ್ತ ಬಿದ್ದಿರುವ ಮೊಸಳೆಗೆ ಇದೇಕೆ? ಅದರ ಪೂರ್ವಜರು ಬಿಸಿರಕ್ತದವರಾಗಿದ್ದು, ನೀರಿಗಿಳಿದು ಹೊಂಚುಹಾಕುವ ಬದುಕಿಗೆ ಬಂದ ಮೇಲೆ ಒಲೆಯನ್ನು ಆರಿಸಿರಬೇಕು ಎಂದು ಆಸ್ಟ್ರೇಲಿಯದ ರೋಜರ್ ಸೀಮೋರ್ ಮತ್ತು ಸಂಗಡಿಗರು 2004ರಲ್ಲಿ ವಾದಿಸಿದರು. ಎಲ್ಲರೂ ಇದನ್ನು ಒಪ್ಪಿಲ್ಲ.

ಹುಡುಗಿಯ ಹೆಸರನ್ನು ನಾನು ಅಂದು ಕೇಳಿಕೊಳ್ಳಲಿಲ್ಲ. ಅವಳ ತಂಡಕ್ಕೆ ಬಹುಮಾನ ತಪ್ಪಿದ್ದು ಒಂದೇ ಪ್ರಶ್ನೆಯ ಅಂಕದಲ್ಲಿ.